ಕನಸಿನ ಕರ್ತೃ ಯಾರು? ಆಕ್ಷೇಪಗಳಿಗೊಂದು ಪ್ರತ್ಯುತ್ತರ

ಶಾಸ್ತ್ರಗ್ರಂಥಗಳಲ್ಲಿ ಬರುವ ಕನಸುಗಳನ್ನು ಕಂಡವರ ಒಳ ಅರಿವಿನ ಸಂಕೇತಗಳಾಗಿ ಓದಬೇಕು, ಮನುಷ್ಯ ತನ್ನನ್ನು ತಾನೇ ಕಟ್ಟಿಕೊಳ್ಳುವ ಕೆಲಸ ಅಲ್ಲಿ ಕಾಣಿಸುತ್ತದೆ ಎಂದು ನಾನು ಬಹಳ ಕಾಲದಿಂದ ಹೇಳುತ್ತ ಬಂದಿದ್ದೇನೆ. ಇದನ್ನು ಒಪ್ಪದವರು ಹಲವರು. ಅವರಲ್ಲಿ ಪಾಠಶಾಲೆಯಲ್ಲಿ ಕುಳಿತು ಭಾಷ್ಯ ಓದಿದ ವಿದ್ವಾಂಸರಿದ್ದಾರೆ, ಚರ್ಚಿನಲ್ಲಿ ಬೋಧಿಸುವ ಹಿರಿಯರಿದ್ದಾರೆ, ಮೆದುಳಿನ ವಿಷಯ ಬಲ್ಲ ವೈದ್ಯರೂ ಇದ್ದಾರೆ. ಯಾರ ಮಾತೂ ತಳ್ಳಿಹಾಕುವಂಥದ್ದಲ್ಲ. ನಮ್ಮ ಭಾಷ್ಯಕಾರರು ಎದುರು ಪಕ್ಷದ ವಾದವನ್ನು ಮೊದಲು ಪೂರ್ತಿಯಾಗಿ ಮಂಡಿಸಿ, ಅದರ ಬಲವನ್ನೆಲ್ಲ ತೋರಿಸಿ, ಆಮೇಲೆ ಉತ್ತರ ಹೇಳುತ್ತಿದ್ದರು. ನಾನೂ ಆ ದಾರಿಯನ್ನೇ ಹಿಡಿಯುತ್ತೇನೆ.

ಮೊದಲ ಆಕ್ಷೇಪ ಹೀಗಿದೆ: ಇದು ನಮ್ಮ ಓದಲ್ಲ, ಪಶ್ಚಿಮದಿಂದ ತಂದದ್ದು. ಫ್ರಾಯ್ಡ್ ಮತ್ತು ಯೂಂಗ್ ಹೇಳಿದ್ದನ್ನು ಉಪನಿಷತ್ತಿನ ಮೇಲೆ ಹೊದಿಸಲಾಗಿದೆ. ಇನ್ನೂ ಮುಂದೆ ಹೋಗಿ ಕೆಲವರು ನೆವಿಲ್ ಗೊಡಾರ್ಡ್ ಹೆಸರನ್ನು ಎತ್ತುತ್ತಾರೆ. 1905ರಲ್ಲಿ ಬಾರ್ಬಡೋಸ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ಉಪನ್ಯಾಸ ಕೊಡುತ್ತ 1972ರಲ್ಲಿ ತೀರಿಕೊಂಡ ಈತ, ಬೈಬಲ್ಲಿನ ಕಥೆಗಳೆಲ್ಲ ಮನುಷ್ಯನ ಮನಸ್ಸಿನೊಳಗೆ ನಡೆಯುವ ನಾಟಕ, ಯೋಸೇಫನೆಂದರೆ ನಮ್ಮ ಕಲ್ಪನಾಶಕ್ತಿ ಎಂದು ಬೋಧಿಸಿದವನು. ನೀವೂ ಅದೇ ಗುಂಪಿಗೆ ಸೇರಿದವರು ಎಂಬುದು ನನ್ನ ಮೇಲಿನ ದೂರು.

ಕಾಲಕ್ರಮವನ್ನು ಮೊದಲು ನೋಡೋಣ. ಫ್ರಾಯ್ಡ್‌ನ ಕನಸಿನ ಪುಸ್ತಕದ ಮೇಲೆ ಅಚ್ಚಾಗಿರುವ ವರ್ಷ 1900. ಅದರ ಆರಂಭದ ಭಾಗದಲ್ಲೇ ಆತ, ಯೋಸೇಫ ಫರೋಹನ ಕನಸನ್ನು ಬಿಡಿಸಿದ್ದನ್ನು ಹಳಬರ ಸಾಂಕೇತಿಕ ವಿಧಾನಕ್ಕೆ ಉದಾಹರಣೆಯಾಗಿ ಕೊಡುತ್ತಾನೆ. ಅಂದರೆ ಸಂಕೇತವಾಗಿ ಓದುವ ಪದ್ಧತಿಯನ್ನು ಆತ ಹುಟ್ಟಿಸಲಿಲ್ಲ, ತನಗಿಂತ ಹಿಂದಿನದೆಂದು ಗುರುತಿಸಿದ. ಅಲೆಕ್ಸಾಂಡ್ರಿಯದ ಯೆಹೂದಿ ಚಿಂತಕ ಫಿಲೋ ಕ್ರಿಸ್ತಶಕದ ಮೊದಲ ಶತಮಾನದಲ್ಲೇ ಬೈಬಲ್ಲಿನ ಕನಸುಗಳ ಮೇಲೆ ಬರೆದ ಗ್ರಂಥದ ಎರಡು ಭಾಗಗಳು ಇಂದಿಗೂ ಉಳಿದಿವೆ. ಯಾಕೋಬ ಕಂಡ ಏಣಿಯನ್ನು ಆತ್ಮದ ಏರಿಳಿತವೆಂದು ಆತ ಅಲ್ಲಿ ಓದಿದ್ದಾನೆ.

ಆದರೆ ನನ್ನ ನಿಜವಾದ ಉತ್ತರ ಇದಲ್ಲ. ಅದಿರುವುದು ಬೃಹದಾರಣ್ಯಕ ಉಪನಿಷತ್ತಿನ ನಾಲ್ಕನೆಯ ಅಧ್ಯಾಯದ ಮೂರನೆಯ ಬ್ರಾಹ್ಮಣದಲ್ಲಿ. ದೊರೆ ಜನಕ ಋಷಿ ಯಾಜ್ಞವಲ್ಕ್ಯನನ್ನು ಕೇಳುತ್ತಾನೆ: ಮನುಷ್ಯ ಯಾವ ಬೆಳಕಿನಲ್ಲಿ ಬದುಕುತ್ತಾನೆ? ಸೂರ್ಯನ ಬೆಳಕಿನಲ್ಲಿ. ಸೂರ್ಯ ಮುಳುಗಿದರೆ? ಚಂದ್ರನ ಬೆಳಕಿನಲ್ಲಿ. ಅದೂ ಇಲ್ಲದಿದ್ದರೆ? ಬೆಂಕಿ. ಬೆಂಕಿಯೂ ಆರಿದರೆ? ಮಾತು. ತನ್ನ ಕೈ ತನಗೇ ಕಾಣದ ಕತ್ತಲಲ್ಲೂ ದನಿ ಬಂದ ಕಡೆಗೆ ಮನುಷ್ಯ ಹೆಜ್ಜೆಯಿಡಬಲ್ಲ. ಮಾತೂ ನಿಂತುಹೋದರೆ? ಆಗ ಆತ್ಮವೇ ಅವನಿಗೆ ಬೆಳಕು. ಇಷ್ಟು ಹೇಳಿದ ಮೇಲೆ ಈ ಒಳಬೆಳಕನ್ನು ತೋರಿಸಿಕೊಡಬೇಕಲ್ಲ? ಅದಕ್ಕಾಗಿ ಯಾಜ್ಞವಲ್ಕ್ಯ ಜನಕನನ್ನು ಕರೆದೊಯ್ಯುವುದು ಯಾಗಶಾಲೆಗೂ ಅಲ್ಲ, ದೇವಲೋಕಕ್ಕೂ ಅಲ್ಲ, ಕನಸಿಗೆ. ಅಲ್ಲಿ ಹೊರಗಿನ ಯಾವ ದೀಪವೂ ಇಲ್ಲ, ಆದರೂ ಎಲ್ಲವೂ ಕಾಣುತ್ತದೆ. ಅಲ್ಲಿ ರಥವಿಲ್ಲ, ಕುದುರೆಯಿಲ್ಲ, ದಾರಿಯಿಲ್ಲ. ಕನಸು ಕಾಣುವವನು ಅವನ್ನೆಲ್ಲ ನಿರ್ಮಿಸಿಕೊಳ್ಳುತ್ತಾನೆ. ಕೊಳ, ಕೆರೆ, ನದಿಗಳನ್ನೂ ಅವನೇ ಮಾಡಿಕೊಳ್ಳುತ್ತಾನೆ. ಮಾಡುವವನು ಅವನೇ ಎಂದು ಉಪನಿಷತ್ತು ನೇರವಾಗಿ ಹೇಳುತ್ತದೆ. ಎಚ್ಚರದ ಲೋಕದಿಂದ ಸಾಮಗ್ರಿ ತೆಗೆದುಕೊಂಡು, ತಾನೇ ಕೆಡವಿ, ತಾನೇ ಕಟ್ಟುತ್ತಾನೆ ಎಂದೂ ಹೇಳುತ್ತದೆ. ನಮ್ಮ ಹಳ್ಳಿಗಳಲ್ಲಿ ಹಳೆಯ ಮನೆ ಬಿಚ್ಚಿ ಅದೇ ತೊಲೆ, ಅದೇ ಜಂತೆ, ಅದೇ ಬಾಗಿಲುವಾಡ ಇಟ್ಟು ಹೊಸ ಮನೆ ಎಬ್ಬಿಸುತ್ತಾರಲ್ಲ, ಆ ರೀತಿಯ ಕೆಲಸ ಇದು.

ಯಾಜ್ಞವಲ್ಕ್ಯ ಅಲ್ಲಿಗೆ ನಿಲ್ಲುವುದಿಲ್ಲ, ಜನಕ ನಿಲ್ಲಲು ಬಿಡುವುದೂ ಇಲ್ಲ. ಸಾವಿರ ಹಸು ಕೊಡುತ್ತೇನೆ, ಬಿಡುಗಡೆಗೆ ಬೇಕಾದದ್ದನ್ನು ಮುಂದೆ ಹೇಳು ಎಂದು ದೊರೆ ಮತ್ತೆ ಮತ್ತೆ ಒತ್ತಾಯಿಸುತ್ತಾನೆ. ಮಾತು ಕನಸಿನಿಂದ ಗಾಢನಿದ್ರೆಗೆ, ಅಲ್ಲಿಂದ ಸಾವಿಗೆ ಸಾಗಿ, ಮುಂದಿನ ಬ್ರಾಹ್ಮಣದಲ್ಲಿ ಒಬ್ಬ ಅಕ್ಕಸಾಲಿಗ ಬರುತ್ತಾನೆ. ಚಿನ್ನದ ತುಣುಕನ್ನು ತೆಗೆದುಕೊಂಡು ಅವನು ಅದಕ್ಕೆ ಇನ್ನೂ ಹೊಸದಾದ, ಇನ್ನೂ ಚೆಲುವಾದ ರೂಪ ಕೊಡುವಂತೆ ಆತ್ಮವೂ ತನಗೆ ಹೊಸ ರೂಪ ಮಾಡಿಕೊಳ್ಳುತ್ತದೆ. ಅದರ ಮರುಮಂತ್ರದಲ್ಲೇ, ಹೇಗೆ ನಡೆಯುತ್ತಾನೋ ಹಾಗೆ ಆಗುತ್ತಾನೆ, ಬಯಕೆಯಂತೆ ಸಂಕಲ್ಪ, ಸಂಕಲ್ಪದಂತೆ ಕರ್ಮ ಎಂಬ ಪ್ರಸಿದ್ಧ ಬೋಧೆ. ಕನಸಿನಲ್ಲಿ ರಥ ಮಾಡಿಕೊಳ್ಳುವವನಿಂದ ಹಿಡಿದು ಬದುಕಿನಲ್ಲಿ ತನ್ನನ್ನು ಮಾಡಿಕೊಳ್ಳುವವನವರೆಗೆ ಒಂದೇ ಸಂವಾದ, ಒಬ್ಬನೇ ಗುರು, ಒಬ್ಬನೇ ಶಿಷ್ಯ. ಈ ಎರಡನ್ನೂ ಜೋಡಿಸಿದವನು ಯಾಜ್ಞವಲ್ಕ್ಯ. ಅದನ್ನು ಓದಲು ನನಗೆ ಫ್ರಾಯ್ಡ್‌ನ ವಿಯೆನ್ನಾಕ್ಕೆ ಹೋಗುವ ಅಗತ್ಯ ಬೀಳಲಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು, ವೇದಾಂತಿಗಳದ್ದು. ಅವರು ಹೇಳುವುದು: ಉಪನಿಷತ್ತಿನ ಒಂದು ಮಂತ್ರ ಹಿಡಿದು ಜೀವನೇ ಸೃಷ್ಟಿಕರ್ತ ಎಂದು ಹಾರಬೇಡಿ. ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದ ಎರಡನೆಯ ಪಾದ ಶುರುವಾಗುವುದೇ ಈ ಪ್ರಶ್ನೆಯಿಂದ. ಶಂಕರರು ಕನಸಿನ ಸೃಷ್ಟಿಯನ್ನು ಕೇವಲ ಮಾಯೆ ಎಂದರು. ರಾಮಾನುಜರು ಅದನ್ನು ಸೃಷ್ಟಿಸುವವನು ಈಶ್ವರ, ಜೀವನಲ್ಲ ಎಂದರು. ಮಧ್ವರೂ ಈಶ್ವರನ ಇಚ್ಛೆಯೇ ಕಾರಣ ಎಂದರು. ಮೂವರು ಆಚಾರ್ಯರನ್ನೂ ದಾಟಿ ನೀವು ಎಲ್ಲಿಗೆ ಹೊರಟಿರಿ?

ನಾನು ಯಾರನ್ನೂ ದಾಟುತ್ತಿಲ್ಲ. ಮೂವರನ್ನೂ ನಿಧಾನವಾಗಿ ಓದಿದರೆ ಆಕ್ಷೇಪಿಸಿದವರು ಗಮನಿಸದ ಒಂದು ಸಂಗತಿ ಎದ್ದು ಕಾಣುತ್ತದೆ. ಶಂಕರರ ವಾದ ಬಹಳ ಸ್ಪಷ್ಟ: ಈ ಸಣ್ಣ ದೇಹದೊಳಗೆ ರಥ ನಿಲ್ಲಲು ಜಾಗವೆಲ್ಲಿ? ಕುರುದೇಶದಲ್ಲಿ ಮಲಗಿದವನು ಕನಸಿನಲ್ಲಿ ಪಾಂಚಾಲಕ್ಕೆ ಹೋಗುತ್ತಾನೆ, ಆದರೆ ಏಳುವುದು ಕುರುದೇಶದಲ್ಲೇ. ನಿಜವಾಗಿ ಹೋಗಿದ್ದರೆ ಪಾಂಚಾಲದಲ್ಲಿ ಏಳಬೇಕಿತ್ತು. ಆದ್ದರಿಂದ ಕನಸಿನ ವಸ್ತುವಿಗೆ ಹೊರಗಿನ ವಸ್ತುವಿನ ಸತ್ಯವಿಲ್ಲ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ನನ್ನ ಓದಿಗೆ ಇದು ವಿರೋಧವಲ್ಲ, ಆಧಾರ. ಕನಸಿನ ರಥ ಹೊರಗಿನ ರಥವಲ್ಲದಿದ್ದರೆ ಅದು ಏನನ್ನೋ ಸೂಚಿಸುವ ಒಳಗಿನ ರೂಪವೇ ಆಗಬೇಕು. ಅದೇ ಪ್ರಕರಣದಲ್ಲಿ ಸೂತ್ರಕಾರರು ಕನಸು ಸೂಚಕ ಎಂದೂ ಹೇಳಿದ್ದಾರೆ, ಶಂಕರರು ಅದನ್ನು ಛಾಂದೋಗ್ಯದ ಉದಾಹರಣೆ ಕೊಟ್ಟು ವಿವರಿಸಿದ್ದಾರೆ: ಫಲ ಬಯಸಿ ಕರ್ಮ ಮಾಡುವವನು ಕನಸಿನಲ್ಲಿ ಹೆಣ್ಣನ್ನು ಕಂಡರೆ ಕಾರ್ಯಸಿದ್ಧಿ ಎಂದು ತಿಳಿಯಬೇಕು. ಕಂಡದ್ದು ಮಾಯೆ, ಸೂಚಿತವಾದದ್ದು ನಿಜವಾಗಬಹುದು. ಸಂಕೇತ ಎಂಬುದಕ್ಕೆ ಇದಕ್ಕಿಂತ ಚೊಕ್ಕ ವಿವರಣೆ ನನಗೆ ಗೊತ್ತಿಲ್ಲ. ಇನ್ನು ಕರ್ತೃತ್ವದ ಮಾತು. ಕನಸು ಕಾಣುವವನನ್ನು ಕರ್ತೃ ಎಂದದ್ದು ಯಾವ ಅರ್ಥದಲ್ಲಿ ಎಂದು ಶಂಕರರು ಬೃಹದಾರಣ್ಯಕ ಭಾಷ್ಯದಲ್ಲೇ ಬಿಡಿಸಿದ್ದಾರೆ: ಅವನ ಕರ್ಮದಿಂದಲೇ ವಾಸನೆಗಳು, ಅಂದರೆ ಹಿಂದಿನ ಅನುಭವ ಮನಸ್ಸಿನಲ್ಲಿ ಒತ್ತಿದ ಅಚ್ಚುಗಳು, ಎದ್ದು ಚಿತ್ತದಲ್ಲಿ ಆ ರೂಪ ತಾಳುತ್ತವೆ, ಅದಕ್ಕಾಗಿ ಅವನು ಕರ್ತೃ. ಬಡಗಿ ರಥ ಮಾಡಿದ ಅರ್ಥದಲ್ಲಿ ಅಲ್ಲ. ಸರಿ, ನನಗೆ ಬೇಕಾದದ್ದೂ ಅಷ್ಟೇ.

ರಾಮಾನುಜರಿಗೆ ಬನ್ನಿ. ಕನಸಿನ ವಿಚಿತ್ರ ಸೃಷ್ಟಿ ಮಾಡುವ ಶಕ್ತಿ ಸಂಸಾರದಲ್ಲಿರುವ ಜೀವನಿಗಿಲ್ಲ, ಭಗವಂತ ಮಾತ್ರ ಅದನ್ನು ಮಾಡಬಲ್ಲ ಎಂಬುದು ಶ್ರೀಭಾಷ್ಯದ ನಿಲುವು. ಆದರೆ ಭಗವಂತ ಹೇಗೆ ಮಾಡುತ್ತಾನೆ? ಆ ವ್ಯಕ್ತಿಯ ಪುಣ್ಯಪಾಪಗಳಿಗೆ ತಕ್ಕಂತೆ, ಅವನೊಬ್ಬನೇ ಅನುಭವಿಸುವಂತೆ, ಅಷ್ಟೇ ಹೊತ್ತು ಉಳಿಯುವಂತೆ. ಒಬ್ಬನ ಕನಸು ಇನ್ನೊಬ್ಬನಿಗೆ ದಕ್ಕದು. ಅಲ್ಲಿಗೆ ಕನಸೆಂಬುದು ಆ ವ್ಯಕ್ತಿಯ ನಡತೆಗೆ ದೇವರು ಹಿಡಿದ ಕನ್ನಡಿಯೇ ಆಯಿತು. ಉಡುಪಿಯ ಮಧ್ವಾಚಾರ್ಯರ ಮಾತು ಇನ್ನೂ ಹತ್ತಿರ ಬರುತ್ತದೆ. ಕನಸು ಸುಳ್ಳಲ್ಲ ಎನ್ನುತ್ತಾರೆ ಅವರು. ಮನಸ್ಸಿನಲ್ಲಿ ಉಳಿದ ವಾಸನೆಗಳೇ ಅದರ ಉಪಾದಾನ, ಈಶ್ವರ ಆ ವಾಸನೆಗಳಿಂದ ಕನಸಿನ ವಸ್ತುಗಳನ್ನು ರೂಪಿಸಿ ತೋರಿಸುತ್ತಾನೆ. ಅವನ್ನು ಎಚ್ಚರದ ಹೊರವಸ್ತುಗಳೆಂದು ತಿಳಿಯುವುದಷ್ಟೇ ಭ್ರಾಂತಿ. ಮಾಯೆ ಎಂದವರು, ಈಶ್ವರಸೃಷ್ಟಿ ಎಂದವರು, ಸತ್ಯ ಎಂದವರು, ಉಳಿದೆಲ್ಲ ಕಡೆ ಒಬ್ಬರನ್ನೊಬ್ಬರು ಖಂಡಿಸಿದ ಈ ಮೂರು ಪರಂಪರೆಗಳು ಒಂದು ವಿಷಯದಲ್ಲಿ ಕೂಡುತ್ತವೆ: ಕನಸು ಹೀಗೇ ಏಕೆ ಆಯಿತು ಎಂಬುದಕ್ಕೆ ಉತ್ತರ ಹುಡುಕಬೇಕಾದದ್ದು ಕಂಡವನ ಒಳಗೆ, ಅವನ ಕರ್ಮದಲ್ಲಿ, ಅವನ ವಾಸನೆಯಲ್ಲಿ. ಕೊನೆಯ ಕರ್ತೃ ಯಾರು ಎಂಬ ವ್ಯಾಜ್ಯ ಅವರಲ್ಲಿ ತೀರಿಲ್ಲ, ನಾನು ತೀರಿಸಲು ಹೊರಟಿಲ್ಲ. ಶಾಸ್ತ್ರದ ಕನಸನ್ನು ಓದಲು ಆ ವ್ಯಾಜ್ಯ ತೀರುವವರೆಗೆ ಕಾಯಬೇಕಾಗಿಯೂ ಇಲ್ಲ.

ಪತಂಜಲಿಯ ಯೋಗಸೂತ್ರದ ಮೊದಲ ಪಾದವನ್ನೂ ಈ ವಿದ್ವಾಂಸರಿಗೆ ನೆನಪಿಸುತ್ತೇನೆ. ಚಿತ್ತವನ್ನು ನಿಲ್ಲಿಸುವ ಉಪಾಯಗಳ ಸಾಲಿನಲ್ಲಿ ಕನಸು ಮತ್ತು ನಿದ್ರೆಯ ಅರಿವನ್ನು ಆಲಂಬನವಾಗಿ ಹಿಡಿಯುವುದೂ ಒಂದು. ಕನಸು ಬರೀ ಶಕುನವಾಗಿದ್ದರೆ ಸಾಧಕನಿಗೆ ಅದು ಆಲಂಬನ ಆಗುತ್ತಿರಲಿಲ್ಲ.

ಮೂರನೆಯ ಆಕ್ಷೇಪ ಚರ್ಚಿನ ಹಿರಿಯರದ್ದು. ನೀವು ದೇವರನ್ನು ಮನಸ್ಸಿಗೆ ಇಳಿಸಿಬಿಟ್ಟಿರಿ, ಬೈಬಲ್ಲಿನ ಕನಸುಗಳು ದೇವರು ಕಳಿಸಿದ ಸಂದೇಶಗಳು, ಅವು ನಡೆದ ಚರಿತ್ರೆ ಎನ್ನುತ್ತಾರೆ ಅವರು. ಆದಿಕಾಂಡದ ಯೋಸೇಫನೇ ಸೆರೆಮನೆಯಲ್ಲಿ, ಅರ್ಥ ಹೇಳುವುದು ದೇವರಿಗೆ ಸೇರಿದ್ದು ಎಂದಿದ್ದಾನಲ್ಲ ಎಂದು ತೋರಿಸುತ್ತಾರೆ. ಇದನ್ನು ಹೇಳುವಾಗ ಅವರ ದನಿಯಲ್ಲಿರುವ ನೋವು ನನಗೆ ತಟ್ಟಿದೆ. ಅವರಿಗೆ ಕೊಡುವ ಉತ್ತರವನ್ನು ಅವರ ಗ್ರಂಥದಿಂದಲೇ ಕೊಡಬೇಕು.

ಯೋಸೇಫನ ಕಥೆಯನ್ನು ಮೊದಲಿಂದ ಓದಿ. ಹದಿನೇಳು ವರ್ಷದ ಹುಡುಗ, ಅಣ್ಣಂದಿರ ಜೊತೆ ಕುರಿ ಮೇಯಿಸುವವನು, ತಂದೆಯ ಮುದ್ದಿನ ಮಗ. ಹೊಲದಲ್ಲಿ ಅಣ್ಣಂದಿರ ಸಿವುಡುಗಳು ತನ್ನ ಸಿವುಡಿಗೆ ಅಡ್ಡಬಿದ್ದವು ಎಂಬ ಕನಸನ್ನು ಅಣ್ಣಂದಿರಿಗೇ ಹೇಳುತ್ತಾನೆ. ಸೂರ್ಯ, ಚಂದ್ರ, ಹನ್ನೊಂದು ನಕ್ಷತ್ರ ತನಗೆ ಅಡ್ಡಬಿದ್ದವು ಎಂದು ಇನ್ನೊಂದನ್ನೂ ಹೇಳುತ್ತಾನೆ. ತಂದೆ ಗದರುತ್ತಾನೆ: ನಾನೂ ನಿನ್ನ ತಾಯಿಯೂ ಬಂದು ನಿನಗೆ ಅಡ್ಡಬೀಳಬೇಕೋ? ಇಲ್ಲಿ ಸ್ವಲ್ಪ ನಿಲ್ಲಬೇಕು. ಹುಡುಗನ ತಾಯಿ ರಾಹೇಲಳು ಬೆನ್ಯಾಮೀನನನ್ನು ಹೆರುವಾಗ ತೀರಿಕೊಂಡದ್ದನ್ನು ಅದೇ ಆದಿಕಾಂಡ ಎರಡು ಅಧ್ಯಾಯ ಹಿಂದೆಯೇ ಹೇಳಿದೆ. ಸತ್ತ ತಾಯಿ ಬಂದು ಅಡ್ಡಬೀಳುವುದು ಅಕ್ಷರಶಃ ನಡೆಯಲಾರದು. ಯೆಹೂದಿ ರಬ್ಬಿಗಳು ಇದನ್ನು ಗಮನಿಸದೆ ಇರಲಿಲ್ಲ. ಕನಸು ಭಾಗಶಃ ನೆರವೇರಿದರೂ ಪೂರ್ತಿ ನೆರವೇರದು ಎಂಬುದಕ್ಕೆ ತಲ್ಮೂದ್ ಇದನ್ನೇ ದೃಷ್ಟಾಂತವಾಗಿ ಕೊಡುತ್ತದೆ. ಬರಲಿರುವ ಘಟನೆಯ ಮುಂಗಡ ವರದಿ ಎಂದು ಓದಿದರೆ ಕನಸಿನಲ್ಲಿ ಈ ಬಿರುಕು ಉಳಿಯುತ್ತದೆ. ತಾಯಿಯನ್ನು ಕಳೆದುಕೊಂಡ ಹುಡುಗನ ಮನಸ್ಸಿನಲ್ಲಿ ಇಡೀ ಕುಟುಂಬ, ಸತ್ತವಳೂ ಸೇರಿ, ತನ್ನ ಸುತ್ತ ನೆರೆಯಬೇಕೆಂಬ ಹಂಬಲವಿತ್ತು ಎಂದು ಓದಿದರೆ ಬಿರುಕೇ ಅರ್ಥವಾಗುತ್ತದೆ.

ಆಮೇಲೆ ಏನಾಯಿತು? ಗುಂಡಿ, ಇಪ್ಪತ್ತು ಬೆಳ್ಳಿ ನಾಣ್ಯಕ್ಕೆ ಮಾರಾಟ, ಪೋಟೀಫರನ ಮನೆ, ಸುಳ್ಳು ಆಪಾದನೆ, ಸೆರೆ. ಸೆರೆಮನೆಯ ಒಂದು ಬೆಳಗ್ಗೆಯನ್ನು ಆದಿಕಾಂಡ ಬಹಳ ಹತ್ತಿರದಿಂದ ತೋರಿಸುತ್ತದೆ. ಫರೋಹನ ಪಾನದಾಯಕನೂ ರೊಟ್ಟಿ ಸುಡುವವನೂ ರಾತ್ರಿ ಕನಸು ಕಂಡು ಕಳವಳಗೊಂಡು ಕೂತಿದ್ದಾರೆ. ಯೋಸೇಫ ಒಳಗೆ ಬಂದವನೇ ಅವರ ಮುಖ ನೋಡುತ್ತಾನೆ, ಇವತ್ತು ಯಾಕೆ ಮುಖ ಬಾಡಿದೆ ಎಂದು ಕೇಳುತ್ತಾನೆ. ಅಣ್ಣಂದಿರ ಮುಖದಲ್ಲಿ ದ್ವೇಷ ಮಡುಗಟ್ಟಿದ್ದಾಗ ಅದನ್ನು ಕಾಣದೆ ತನ್ನ ಸಿವುಡಿನ ಕನಸನ್ನು ಹೇಳಿಕೊಂಡ ಹುಡುಗ ಇವನೇ. ಆಗ ತನ್ನ ಕನಸು ಹೇಳುವಾಗ ದೇವರ ಹೆಸರು ಅವನ ಬಾಯಲ್ಲಿ ಬರುವುದಿಲ್ಲ. ಈಗ ಇತರರ ಕನಸು ಕೇಳುವಾಗ, ಅರ್ಥ ದೇವರದು ಎನ್ನುತ್ತಾನೆ. ಫರೋಹನ ಮುಂದೆ ನಿಂತಾಗ ಅವನಿಗೆ ಮೂವತ್ತು ವರ್ಷ. ಅಲ್ಲೂ ಇದು ನನ್ನಿಂದಲ್ಲ, ದೇವರಿಂದ ಎನ್ನುತ್ತಾನೆ. ಏಳು ಹಸುಗಳ ಅರ್ಥ ಹೇಳಿ ಸುಮ್ಮನಾಗದೆ, ಸುಭಿಕ್ಷದ ಏಳು ವರ್ಷ ಬೆಳೆಯ ಐದನೆಯ ಒಂದು ಪಾಲನ್ನು ಕೂಡಿಡಬೇಕೆಂಬ ಯೋಜನೆಯನ್ನೂ ಕೊಡುತ್ತಾನೆ. ಹದಿನೇಳರಿಂದ ಮೂವತ್ತಕ್ಕೆ ಬರುವ ಹದಿಮೂರು ವರ್ಷಗಳಲ್ಲಿ ಬದಲಾದದ್ದು ಯಾವುದು? ಕನಸು ಬದಲಾಗಲಿಲ್ಲ. ಕಂಡವನು ಬದಲಾದ. ನನ್ನ ಮಟ್ಟಿಗೆ ತನ್ನನ್ನು ತಾನು ಕಟ್ಟಿಕೊಳ್ಳುವುದೆಂದರೆ ಈ ಹದಿಮೂರು ವರ್ಷ.

ಹಾಗಾಗಿ ಅರ್ಥ ದೇವರದು ಎಂಬ ಮಾತನ್ನು ನಾನು ನಿರಾಕರಿಸುವುದಿಲ್ಲ. ಆ ಮಾತನ್ನು ಹೇಳಬಲ್ಲವನಾಗಿ ಯೋಸೇಫ ಬೆಳೆದದ್ದನ್ನು ಗ್ರಂಥವೇ ತೋರಿಸುತ್ತಿದೆ ಎನ್ನುತ್ತೇನೆ. ಕುರಾನಿನ ಹನ್ನೆರಡನೆಯ ಅಧ್ಯಾಯದಲ್ಲಿ ಯೂಸುಫ್ ಕನಸನ್ನು ಮೊದಲು ತಂದೆಗೆ ಹೇಳುತ್ತಾನೆ, ತಂದೆ ಇದನ್ನು ಅಣ್ಣಂದಿರಿಗೆ ಹೇಳಬೇಡ ಎಂದು ಎಚ್ಚರಿಸುತ್ತಾನೆ. ಕನಸು ಎಲ್ಲಿಂದ ಬಂತು ಎಂಬುದಕ್ಕಿಂತ ಬಂದ ಕನಸನ್ನು ಏನು ಮಾಡಿದೆ ಎಂಬ ಕಾಳಜಿ ಅಲ್ಲೂ ಇದೆ. ನೆವಿಲ್ ಗೊಡಾರ್ಡ್‌ನ ಓದಿಗೂ ನನ್ನ ಓದಿಗೂ ಇರುವ ವ್ಯತ್ಯಾಸವೂ ಇಲ್ಲೇ ಗೊತ್ತಾಗುತ್ತದೆ. ಆತನಿಗೆ ಯೋಸೇಫ ಗೆಲ್ಲುವ ಕಲ್ಪನೆ. ಫಿಲೋ ಅದೇ ಒಳನೋಟದ ವಿಧಾನದಿಂದ ಸಿವುಡಿನ ಕನಸಿನಲ್ಲಿ ಕಂಡದ್ದು ಪೊಳ್ಳು ಹೆಮ್ಮೆಯನ್ನು. ಒಳಗೆ ನೋಡಿದಾಗ ಹೊಗಳಿಕೆಯೇ ಸಿಗುತ್ತದೆ ಎಂಬ ಖಾತ್ರಿಯಿಲ್ಲ. ನನಗೆ ಫಿಲೋ ಹೆಚ್ಚು ನಂಬಿಕೆಗೆ ಅರ್ಹನಾಗಿ ಕಾಣುತ್ತಾನೆ.

ನಾಲ್ಕನೆಯದು: ಹೀಗೆ ಹೊರಟರೆ ಯಾರು ಏನು ಬೇಕಾದರೂ ಹೇಳಬಹುದು, ಸಂಕೇತಕ್ಕೆ ಕಡಿವಾಣವೇ ಇಲ್ಲ. ಕಡಿವಾಣ ಬೇಕು, ಒಪ್ಪಿದೆ. ನಾನು ಇಟ್ಟುಕೊಂಡಿರುವ ನಿಯಮ ಒಂದೇ. ಕನಸು ಕಂಡವರ ಹಿಂದಿನ ನಡೆ, ಮುಂದಿನ ನಡೆ ಎರಡನ್ನೂ ಗ್ರಂಥ ತೋರಿಸಿರಬೇಕು, ನಡುವೆ ಕನಸು ಕೆಲಸ ಮಾಡಿದ್ದು ಕಾಣಬೇಕು. ಇಲ್ಲದಿದ್ದರೆ ಒಳಗಿನ ಓದಿಗೆ ನಾನು ಕೈಹಾಕುವುದಿಲ್ಲ.

ಜೈನರ ಮೊದಲ ತೀರ್ಥಂಕರನ ತಾಯಿ ಮರುದೇವಿಯ ಹದಿನಾರು ಸ್ವಪ್ನಗಳನ್ನೇ ತೆಗೆದುಕೊಳ್ಳಿ. ಆನೆ, ವೃಷಭ, ಸಿಂಹ, ಲಕ್ಷ್ಮಿ, ಮಾಲೆಗಳು, ಚಂದ್ರ, ಸೂರ್ಯ, ಜೋಡಿ ಮೀನು, ಕಲಶ, ಸರೋವರ, ಸಮುದ್ರ, ಹೊಗೆಯಿಲ್ಲದ ಬೆಂಕಿ, ಹೀಗೆ ಸಾಗುವ ಆ ಸಾಲು 941ರಲ್ಲಿ ಪಂಪ ಬರೆದ ಆದಿಪುರಾಣದಿಂದ ಕನ್ನಡಿಗರಿಗೆ ಪರಿಚಿತ. ದಿಗಂಬರರಲ್ಲಿ ಹದಿನಾರು, ಶ್ವೇತಾಂಬರರಲ್ಲಿ ಹದಿನಾಲ್ಕು. ಪ್ರತಿಯೊಬ್ಬ ತೀರ್ಥಂಕರನ ತಾಯಿಗೂ ಅವೇ ಕನಸುಗಳು. ಪಂಚಕಲ್ಯಾಣದ ಉತ್ಸವಗಳಲ್ಲಿ ಗರ್ಭಕಲ್ಯಾಣದಂದು ಅವನ್ನು ಜನರ ಮುಂದೆ ಪ್ರದರ್ಶಿಸುತ್ತಾರೆ. ಇವು ಒಬ್ಬ ಹೆಂಗಸಿನ ಮನಸ್ಸಿನ ಗುಟ್ಟುಗಳಲ್ಲ, ಒಂದು ಸಮುದಾಯ ಮಂಗಳವನ್ನು ಕಾಣುವ ಬಗೆ. ಇಲ್ಲಿ ಮರುದೇವಿಯ ಅಂತರಂಗವನ್ನು ಹುಡುಕಿದರೆ ಅದು ತಪ್ಪು ಓದು, ಹಾಗೆ ಓದಿದರೆ ಜೈನ ಮಿತ್ರರು ಮುನಿಯುವುದು ನ್ಯಾಯವೇ.

ತ್ರಿಜಟೆಯ ಕನಸು ಹಾಗಲ್ಲ. ವಾಲ್ಮೀಕಿಯ ಸುಂದರಕಾಂಡದಲ್ಲಿ ಅಶೋಕವನದ ರಾಕ್ಷಸಿಯರು ಸೀತೆಯನ್ನು ಸುತ್ತುಗಟ್ಟಿ ಕೊಂದು ತಿನ್ನುತ್ತೇವೆಂದು ಹೆದರಿಸುತ್ತಿದ್ದಾರೆ. ಆಗತಾನೇ ಎದ್ದ ಮುದುಕಿ ತ್ರಿಜಟೆ ತಾನು ಕಂಡ ಕನಸು ಹೇಳುತ್ತಾಳೆ: ಬಿಳಿಯ ಮಾಲೆ ತೊಟ್ಟ ರಾಮ, ಕತ್ತೆಯೇರಿ ದಕ್ಷಿಣಕ್ಕೆ ಹೊರಟ ರಾವಣ. ಶಕುನಶಾಸ್ತ್ರದ ಪ್ರಕಾರ ಇದು ರಾವಣನ ನಾಶದ ಸೂಚನೆ, ಅಡ್ಡಿಯಿಲ್ಲ. ಆದರೆ ಆ ಕನಸು ಸೀತೆಗೆ ಬೀಳಲಿಲ್ಲ, ರಾವಣನಿಗೂ ಬೀಳಲಿಲ್ಲ. ಲಂಕೆಯ ಅನ್ನ ಉಂಡ ಕಾವಲಿನ ಹೆಂಗಸಿಗೆ ಬಿತ್ತು. ಅರಸನ ಅಪ್ಪಣೆಯಂತೆ ಹೆದರಿಸಬೇಕಾದವಳು ಕನಸಿನಲ್ಲಿ ಆಗಲೇ ಪಕ್ಷ ಬದಲಿಸಿದ್ದಾಳೆ. ಎದ್ದವಳೇ ಉಳಿದವರಿಗೆ ಬೈಗುಳ ನಿಲ್ಲಿಸಿ, ಸೀತೆಯ ಕ್ಷಮೆ ಕೇಳಿ ಎನ್ನುತ್ತಾಳೆ. ಹಗಲು ಬಾಯಿಬಿಡಲಾಗದ ಧರ್ಮಪ್ರಜ್ಞೆ ರಾತ್ರಿ ರೂಪ ತಾಳಿ, ಬೆಳಗ್ಗೆ ಮಾತಾಗಿ ಹೊರಬಂತು. ಇದನ್ನು ನಾನು ಹೊರಗಿನಿಂದ ತುರುಕಲಿಲ್ಲ, ಕವಿಯೇ ಕನಸನ್ನು ಅವಳ ಕಣ್ಣಿಗೆ ಇಟ್ಟಿದ್ದಾನೆ.

ಇವೆರಡರ ನಡುವೆ ನಿಲ್ಲುತ್ತದೆ ಮೌರ್ಯ ಅರಸ ಚಂದ್ರಗುಪ್ತನ ಕಥೆ. ಅವನು ಕಂಡ ಹದಿನಾರು ಕನಸುಗಳಲ್ಲಿ ಹನ್ನೆರಡು ಹೆಡೆಯ ಹಾವು ಹನ್ನೆರಡು ವರ್ಷದ ಕ್ಷಾಮ ಎಂದು ಅವನ ಗುರು, ಜೈನ ಮುನಿ ಭದ್ರಬಾಹು ಅರ್ಥ ಹೇಳಿದರೆಂಬುದು ದಿಗಂಬರ ಪರಂಪರೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಅತಿ ಹಳೆ ಶಾಸನ ಭದ್ರಬಾಹು ಉಜ್ಜಯಿನಿಯಲ್ಲಿ ನಿಮಿತ್ತಜ್ಞಾನದಿಂದ ಹನ್ನೆರಡು ವರ್ಷದ ಕೇಡನ್ನು ಮುಂಗಂಡರೆಂದು ಹೇಳುತ್ತದೆ, ಕನಸಿನ ಮಾತು ಅಲ್ಲಿಲ್ಲ. ಕನಸುಗಳು ಕಥೆಯೊಳಗೆ ಬಂದದ್ದು ಆಮೇಲೆ. ಇತಿಹಾಸಕಾರರು ಇದನ್ನು ಕಥೆ ಬೆಳೆದ ಕುರುಹು ಎನ್ನುತ್ತಾರೆ, ಸರಿಯೇ. ಹಾಗಾದರೆ ಯಾಕೆ ಬೆಳೆಯಿತು ಎಂದು ನಾನು ಕೇಳುತ್ತೇನೆ. ಗುರುವಿನ ಮುನ್ನರಿವೊಂದೇ ಸಂಘವನ್ನು ದಕ್ಷಿಣಕ್ಕೆ ಕರೆತರಲು ಸಾಕಿತ್ತು. ಅರಸ ಸಿಂಹಾಸನ ಬಿಟ್ಟು ಕಮಂಡಲು ಹಿಡಿದು ಹೊರಡಬೇಕಾದರೆ ಕೇಡು ಅವನ ನಿದ್ದೆಯೊಳಗೂ ಇಳಿಯಬೇಕಿತ್ತು. ಕಥೆ ಕಟ್ಟಿದವರಿಗೆ ಅದು ಗೊತ್ತಿತ್ತು.

ಐದನೆಯದು ವೈದ್ಯರದ್ದು: ಕನಸು ಬರೀ ಮೆದುಳಿನ ಕೆಲಸ, ಅದರಲ್ಲಿ ಅರ್ಥ ಹುಡುಕಬೇಡಿ. ಈ ವಾದಕ್ಕೆ ಹೆಚ್ಚು ಜಾಗ ಬೇಕಿಲ್ಲ. 1953ರಲ್ಲಿ ಆಸೆರಿನ್ಸ್ಕಿ ಮತ್ತು ಕ್ಲೈಟ್ಮನ್ ನಿದ್ದೆಯಲ್ಲಿ ಕಣ್ಣುಗುಡ್ಡೆ ವೇಗವಾಗಿ ಚಲಿಸುವ ಹಂತವನ್ನು ಗುರುತಿಸಿದರು. 1977ರಲ್ಲಿ ಹಾಬ್ಸನ್ ಮತ್ತು ಮೆಕಾರ್ಲಿ, ಮೆದುಳುಕಾಂಡದಿಂದ ಏಳುವ ಗೊತ್ತುಗುರಿಯಿಲ್ಲದ ಸಂಕೇತಗಳನ್ನು ಮೇಲಿನ ಮೆದುಳು ಕಥೆಯಾಗಿ ಹೆಣೆಯುತ್ತದೆ, ಅದೇ ಕನಸು ಎಂದರು. ಇರಲಿ. ಹೆಣೆಯುವವನು ಒಳಗಿದ್ದಾನೆ ಎಂಬುದನ್ನು ಅವರೂ ಅಲ್ಲಗಳೆಯಲಿಲ್ಲ. ಅದಕ್ಕಿಂತ ಮುಖ್ಯ, ತ್ರಿಜಟೆ ಮಲಗಿದ್ದಾಗ ಯಾರೂ ತಂತಿ ಜೋಡಿಸಿ ಅಳೆದಿಲ್ಲ. ಶಾಸ್ತ್ರದ ಕನಸು ರಚನೆಯಾದ ಕನಸು, ಅರ್ಥಕ್ಕಾಗಿಯೇ ಅಲ್ಲಿ ಇಟ್ಟದ್ದು. ನಿದ್ದೆಯ ಶರೀರಶಾಸ್ತ್ರ ಎಷ್ಟೇ ಮುಂದುವರಿದರೂ ಈ ಓದಿಗೆ ತೊಂದರೆ ಮಾಡದು.

ಕೊನೆಯ ಆಕ್ಷೇಪ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು. ನೀನೇ ನಿನ್ನ ಲೋಕದ ಕರ್ತೃ ಎಂದು ಹೇಳಿಕೊಡುವುದರಿಂದ ಎರಡು ಕೇಡು ಎನ್ನುತ್ತಾರೆ. ಒಂದು, ಬಯಸಿದ್ದು ಕಣ್ಣುಮುಚ್ಚಿ ಕಲ್ಪಿಸಿಕೊಂಡರೆ ಸಿಗುತ್ತದೆ ಎಂದು ದುಡ್ಡು ಪಡೆದು ಶಿಬಿರ ನಡೆಸುವವರಿಗೆ ಉಪನಿಷತ್ತಿನ ಹೆಸರು ಸಿಕ್ಕಂತಾಗುತ್ತದೆ. ಇನ್ನೊಂದು, ಕಷ್ಟಕ್ಕೆ ಸಿಕ್ಕವರ ಮೇಲೆಯೇ ಕಷ್ಟದ ಹೊಣೆ ಬೀಳುತ್ತದೆ.

ಎರಡೂ ಕಣ್ಣೆದುರು ನಡೆಯುತ್ತಿವೆ. ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ನಮ್ಮ ಓದಿನ ಕೂಟಕ್ಕೆ ಬರುತ್ತಿದ್ದರು. ಒಂದು ಸಂಜೆ ಎಲ್ಲರೂ ಹೋದ ಮೇಲೆ ಉಳಿದು ಕೇಳಿದರು: "ಮೇಷ್ಟ್ರೇ, ಅವನು ಆಸ್ಪತ್ರೆಯಲ್ಲಿದ್ದಾಗ ಬಾವಿಗೆ ಬಿದ್ದ ಹಾಗೆ ನನಗೆ ಕನಸು ಬಿದ್ದಿತ್ತು. ನಿಮ್ಮ ಭಯವೇ ಹಾಗೆ ಮಾಡಿತು, ನೀವು ಬೇರೆ ಥರ ಕಲ್ಪಿಸಿಕೊಂಡಿದ್ದರೆ ಅವನು ಉಳೀತಿದ್ದ ಅಂತ ಶಿಬಿರದಲ್ಲಿ ಒಬ್ಬರು ಅಂದರು. ನಾನೇ ಮಾಡಿದೆನಾ?" ಇಲ್ಲಮ್ಮ ಎಂದೆ. ಬರೀ ಸಮಾಧಾನಕ್ಕಾಗಿ ಹೇಳಿದ ಮಾತಲ್ಲ ಅದು. ಅವರೊಂದಿಗೆ ಕೂತು ಮೂರನೆಯ ಬ್ರಾಹ್ಮಣದ ಇಪ್ಪತ್ತನೆಯ ಮಂತ್ರ ತೆಗೆದು ಓದಿದೆ. ಕನಸಿನಲ್ಲಿ ಯಾರೋ ಕೊಲ್ಲುವಂತೆ, ಆನೆ ಅಟ್ಟಿಸಿಕೊಂಡು ಬರುವಂತೆ, ಗುಂಡಿಗೆ ಬೀಳುವಂತೆ ಕಾಣುವುದನ್ನು ಅದು ಹೆಸರಿಸುತ್ತದೆ. ಎಚ್ಚರದಲ್ಲಿ ಕಂಡ ಭಯವನ್ನೇ ಅವಿದ್ಯೆಯಿಂದ ಅಲ್ಲಿ ಕಲ್ಪಿಸಿಕೊಳ್ಳುತ್ತಾನೆ ಎನ್ನುತ್ತದೆ. ಭಯ ಎಚ್ಚರದಿಂದ ಕನಸಿಗೆ ಹರಿಯಿತು, ಕನಸಿನಿಂದ ಆಸ್ಪತ್ರೆಯ ಮಂಚಕ್ಕೆ ಹರಿಯಲಿಲ್ಲ. ಮಗನ ಪಕ್ಕ ರಾತ್ರಿಯೆಲ್ಲ ಕುಳಿತ ತಾಯಿಗೆ ಅಂಥ ಕನಸು ಬೀಳದೆ ಇನ್ನೆಂಥದು ಬೀಳಬೇಕು?

ಅಕ್ಕಸಾಲಿಗನ ಮಾತು ಬರುವ ಮುಂದಿನ ಬ್ರಾಹ್ಮಣವೂ ಅಷ್ಟೇ ಖಚಿತ. ಒಳ್ಳೆಯ ಕರ್ಮದಿಂದ ಮನುಷ್ಯ ಒಳ್ಳೆಯವನಾಗುತ್ತಾನೆ, ಕೆಟ್ಟದ್ದರಿಂದ ಕೆಟ್ಟವನಾಗುತ್ತಾನೆ ಎಂದು ಅದು ಹೇಳುತ್ತದೆ. ಆಗುವುದು ತಾನು. ಒಬ್ಬರ ಕನಸು ಇನ್ನೊಬ್ಬರ ಆಯುಸ್ಸನ್ನು ಮುಟ್ಟುತ್ತದೆ ಎಂಬ ಮಾತು ಆ ಸಂವಾದದಲ್ಲಿ ಎಲ್ಲೂ ಇಲ್ಲ. ಬಯಕೆಗೂ ಫಲಕ್ಕೂ ನಡುವೆ ಸಂಕಲ್ಪ ಇದೆ, ಕರ್ಮ ಇದೆ. ಆ ಎರಡನ್ನು ಹಾರಿಸಿ ಬಯಕೆಯಿಂದ ಫಲಕ್ಕೆ ನೇರ ದಾರಿ ತೋರಿಸುವವರು ಯಾಜ್ಞವಲ್ಕ್ಯನ ಹೆಸರು ಹೇಳಬಾರದು.

ಅವರಿಗೆ ಸರಿಹೊಂದುವ ಹೆಸರು ಛಾಂದೋಗ್ಯದ ಎಂಟನೆಯ ಅಧ್ಯಾಯದಲ್ಲಿದೆ. ಪ್ರಜಾಪತಿಯ ಬಳಿ ಇಂದ್ರ ಮತ್ತು ವಿರೋಚನ ಇಬ್ಬರೂ ಮೂವತ್ತೆರಡು ವರ್ಷ ಬ್ರಹ್ಮಚರ್ಯದಲ್ಲಿದ್ದರು. ಅಲಂಕಾರ ಮಾಡಿಕೊಂಡು ನೀರಿನ ಪಾತ್ರೆಯಲ್ಲಿ ನೋಡಿಕೊಳ್ಳಿ ಎಂದಾಗ, ಕಂಡ ಚೆಂದದ ಬಿಂಬವೇ ಆತ್ಮವೆಂದು ವಿರೋಚನ ಸಂತೋಷದಿಂದ ಮನೆಗೆ ಹೋದ, ಅಸುರರಿಗೆ ಅದನ್ನೇ ಕಲಿಸಿದ. ಇಂದ್ರ ಅರ್ಧದಾರಿಯಿಂದ ಹಿಂದಿರುಗಿದ. ಇನ್ನೂ ಮೂವತ್ತೆರಡು ವರ್ಷ ಕಳೆದ ಮೇಲೆ ಪ್ರಜಾಪತಿ ಕನಸಿನಲ್ಲಿ ಮಹಿಮೆಯಿಂದ ಸಂಚರಿಸುವವನೇ ಆತ್ಮ ಎಂದಾಗಲೂ ಇಂದ್ರ ತೃಪ್ತನಾಗದೆ ಮತ್ತೆ ಬಂದ: ದೇಹ ಕುರುಡಾದರೂ ಕನಸಿನವನು ಕುರುಡನಲ್ಲ, ನಿಜ, ಆದರೆ ಅವನನ್ನೂ ಯಾರೋ ಕೊಲ್ಲುವಂತಿದೆ, ಅವನೂ ಅಳುವಂತಿದೆ, ಇದರಲ್ಲಿ ನನಗೆ ಹಿತ ಕಾಣುವುದಿಲ್ಲ. ಪ್ರಜಾಪತಿ ಅವನನ್ನು ಗದರಲಿಲ್ಲ. ನಿನ್ನ ಅಳುವಿಗೆ ನಿನ್ನ ಕಲ್ಪನೆಯ ದೋಷವೇ ಕಾರಣ ಎನ್ನಲಿಲ್ಲ. ನೀನು ಹೇಳಿದ್ದು ಸರಿ ಎಂದು ಒಪ್ಪಿ ಮತ್ತೆ ಉಳಿಸಿಕೊಂಡ. ಒಟ್ಟು ನೂರೊಂದು ವರ್ಷ ಇಂದ್ರ ಅಲ್ಲಿದ್ದ.

ಆದ್ದರಿಂದ ಆಕ್ಷೇಪಿಸಿದವರಲ್ಲಿ ನನ್ನದೊಂದು ವಿನಂತಿ. ಆ ತಾಯಿಗೆ ಅಂಥ ಮಾತು ಹೇಳಿದವರನ್ನು ನನ್ನ ಪಕ್ಷದವರೆಂದು ಎಣಿಸಬೇಡಿ. ಅವರ ವಿರುದ್ಧ ವಾದಿಸುವಾಗ ನಾನು ನಿಮ್ಮ ಪಕ್ಕದಲ್ಲೇ ನಿಲ್ಲುತ್ತೇನೆ, ಮೂರನೆಯ ಬ್ರಾಹ್ಮಣದ ಇಪ್ಪತ್ತನೆಯ ಮಂತ್ರವನ್ನೂ ನಾಲ್ಕನೆಯದರ ಐದನೆಯದನ್ನೂ ಜೊತೆಗೆ ತರುತ್ತೇನೆ. ಅದಾದ ಮೇಲೆ ಕನಸಿನ ಕೊನೆಯ ಕರ್ತೃ ಜೀವನೋ ಈಶ್ವರನೋ ಎಂಬ ನಮ್ಮ ಹಳೆಯ ಜಗಳವನ್ನು ಎಷ್ಟು ಹೊತ್ತು ಬೇಕಾದರೂ ಮುಂದುವರಿಸಬಹುದು.